ದೇಶ ದಾಟಿ, ವಿಭಾಗ ದಾಟಿ ತಿಳಿವಳಿಕೆ ಹಂಚುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಕೂತು ಜರ್ಮನಿ, ಜಪಾನ್, ಅಮೆರಿಕದ ತಂಡಗಳ ಜೊತೆ ಕೆಲಸ ಮಾಡುವವರಿಗಾಗಿ ಈ ಪುಟ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಉಪಗ್ರಹ ಸಂಪರ್ಕದ ಡಿಶ್ ಎತ್ತಿನ ಗಾಡಿಯಲ್ಲಿ ಬಂದಿತ್ತು. ಆಗಿನ ತೊಂದರೆ ಸಂಪರ್ಕದ್ದು. ಈಗ ಸಂಪರ್ಕಕ್ಕೆ ಬರವಿಲ್ಲ, ಆದರೂ ಜರ್ಮನಿಯ ಸ್ಟುಟ್‌ಗಾರ್ಟ್‌ನವರು ಹೋದ ವರ್ಷ ಬಗೆಹರಿಸಿದ ದೋಷವನ್ನೇ ನಾವು ಈ ವರ್ಷ ಸೊನ್ನೆಯಿಂದ ಬಗೆಹರಿಸುತ್ತಾ ಕೂತಿರುತ್ತೇವೆ.

ಎಲ್ಲವನ್ನೂ ಷೇರ್‌ಪಾಯಿಂಟ್‌ಗೆ (ಕಂಪನಿಯ ಕಡತಗಳನ್ನು ಹಂಚಿಕೊಳ್ಳುವ ಆನ್‌ಲೈನ್ ಜಾಗ) ಹಾಕಿದ್ದೇವೆ. ಆದರೂ ಜನ ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರಲ್ಲ, ಯಾಕೆ?

ಇಡುವವರ ಅನುಕೂಲಕ್ಕೆ ಜೋಡಿಸಿದ್ದೀರಿ, ಹುಡುಕುವವರ ಅನುಕೂಲಕ್ಕಲ್ಲ. ಫೋಲ್ಡರುಗಳಿಗೆ ಪ್ರಾಜೆಕ್ಟಿನ ಹೆಸರು, ವರ್ಷ, ವಿಭಾಗದ ಹೆಸರು ಇರುತ್ತವೆ. ಹುಡುಕುವವರ ಕೈಯಲ್ಲಿ ಇವು ಯಾವುವೂ ಇರುವುದಿಲ್ಲ. ಅವರ ಕೈಯಲ್ಲಿರುವುದು ಒಂದು ಲಕ್ಷಣ: "ಎಣ್ಣೆ ಬಿಸಿಯಾದ ಮೇಲೆ ಪಂಪಿನ ಒತ್ತಡ ಇಳಿಯುತ್ತಿದೆ", "ತಿಂಗಳ ಕೊನೆಯ ದಿನ ಮಾತ್ರ ರಿಪೋರ್ಟ್ ಬರುತ್ತಿಲ್ಲ". ಈ ಮಾತುಗಳಿಂದ ನಿಮ್ಮ ಪುಟ ಸಿಗದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಇದಕ್ಕೆ ಹಳೆಯ, ಒಳ್ಳೆಯ ಉದಾಹರಣೆ ಜೆರಾಕ್ಸ್ ಕಂಪನಿಯದು. ಯಂತ್ರ ರಿಪೇರಿ ಮಾಡುವವರು ಕೈಪಿಡಿಗಿಂತ ಹೆಚ್ಚಾಗಿ ಒಬ್ಬರ ಅನುಭವ ಇನ್ನೊಬ್ಬರು ಕೇಳಿ ಕಲಿಯುತ್ತಾರೆ ಎಂಬುದು ಅಲ್ಲಿನ ಸಂಶೋಧಕರಿಗೆ ಗೊತ್ತಾಯಿತು. 1990ರ ದಶಕದಲ್ಲಿ ಫ್ರಾನ್ಸ್‌ನಲ್ಲಿ, ಇಂಟರ್‌ನೆಟ್ ಹಬ್ಬುವ ಮೊದಲೇ ಅಲ್ಲಿದ್ದ ಮಿನಿಟೆಲ್ ಜಾಲದ ಮೇಲೆ, 'ಯುರೇಕಾ' ಎಂಬ ವ್ಯವಸ್ಥೆ ಶುರುವಾಯಿತು. ಒಂದೊಂದು ಟಿಪ್ಪಣಿಯಲ್ಲೂ ಲಕ್ಷಣ, ಕಾರಣ, ಪರಿಹಾರ. ಕಳಿಸಿದ್ದನ್ನು ಅದೇ ಕಸುಬಿನ ಪರಿಣತರು ಪರೀಕ್ಷಿಸಿದ ಮೇಲಷ್ಟೇ ಪ್ರಕಟಣೆ, ಜೊತೆಗೆ ಬರೆದವರ ಹೆಸರು. ಟಿಪ್ಪಣಿಗೆ ಹಣ ಕೊಡುವ ಯೋಚನೆಯನ್ನು ತಂತ್ರಜ್ಞರೇ ಒಪ್ಪಲಿಲ್ಲ, ಹೆಸರಿದ್ದರೆ ಸಾಕು ಎಂದರು. ಹಣ ಕೊಟ್ಟಿದ್ದರೆ ಟಿಪ್ಪಣಿಗಳ ಸಂಖ್ಯೆ ಏರುತ್ತಿತ್ತು, ಸತ್ವ ಇಳಿಯುತ್ತಿತ್ತು.

ಎರಡನೆಯ ಕಾರಣ ಹಳಸಲು ಪುಟಗಳು. ಮೂರು ಸಲ ಹುಡುಕಿ ಮೂರು ಸಲವೂ ಹಳೆಯ ಮಾಹಿತಿ ಸಿಕ್ಕರೆ ನಾಲ್ಕನೆಯ ಸಲ ಯಾರೂ ಹುಡುಕುವುದಿಲ್ಲ, ಪಕ್ಕದವರನ್ನು ಕೇಳುತ್ತಾರೆ. ಅವರದು ಸೋಮಾರಿತನವಲ್ಲ, ಲೆಕ್ಕಾಚಾರ.

ಹಾಗಾದರೆ ಒಂದು ಪುಟದಲ್ಲಿ ಏನೇನಿರಬೇಕು?

ತಲೆಬರಹ ಪ್ರಶ್ನೆಯ ಅಥವಾ ಲಕ್ಷಣದ ರೂಪದಲ್ಲಿರಲಿ. ಮೊದಲ ಎರಡು ಸಾಲಿನಲ್ಲೇ ಉತ್ತರ ಬರಲಿ, ಹಿನ್ನೆಲೆ ಆಮೇಲೆ. ಯಾವ ಆವೃತ್ತಿಗೆ, ಯಾವ ಕಾರ್ಖಾನೆಗೆ, ಯಾವ ದೇಶಕ್ಕೆ ಅನ್ವಯ ಎಂಬುದನ್ನು ಹೇಳಲೇಬೇಕು. ಅಮೆರಿಕದ 60 ಹರ್ಟ್ಸ್ ಮೋಟರಿಗೆ ಬರೆದ ಸಲಹೆ ನಮ್ಮ 50 ಹರ್ಟ್ಸ್‌ಗೆ ನೇರವಾಗಿ ಹೊಂದುವುದಿಲ್ಲ.

ಕೆಳಗೆ ಎರಡು ಸಾಲು: ಪುಟದ ಹೊಣೆ ಯಾರದು, ಕೊನೆಯ ಸಲ ಸರಿಯೆಂದು ಪರೀಕ್ಷಿಸಿದ್ದು ಯಾವ ದಿನ. 'ಕೊನೆಯ ಸಲ ತಿದ್ದಿದ್ದು' ಬೇರೆ, 'ಕೊನೆಯ ಸಲ ಪರೀಕ್ಷಿಸಿದ್ದು' ಬೇರೆ. ಅಕ್ಷರದೋಷ ತಿದ್ದಿದರೂ ಮೊದಲನೆಯ ದಿನಾಂಕ ಬದಲಾಗುತ್ತದೆ, ಹಾಗಾಗಿ ಅದನ್ನು ನಂಬಬೇಡಿ. ಹೊಣೆ ಒಬ್ಬ ವ್ಯಕ್ತಿಯದಾಗಿರಲಿ. 'ಕ್ವಾಲಿಟಿ ಟೀಮ್' ಎಂದು ಬರೆದರೆ ಯಾರೂ ಹೊಣೆಯಲ್ಲ ಎಂದೇ ಅರ್ಥ. ಆ ವ್ಯಕ್ತಿ ಬಿಟ್ಟುಹೋದರೆ ಅವರ ಪುಟಗಳೆಲ್ಲ ಅವರ ಮ್ಯಾನೇಜರ್ ಹೆಸರಿಗೆ ತಾನಾಗಿ ಹೋಗುವಂತೆ ಇಡಿ. ಮ್ಯಾನೇಜರುಗಳು ಇನ್ನೊಬ್ಬ ಹೊಣೆಗಾರರನ್ನು ಎಷ್ಟು ಬೇಗ ಹುಡುಕುತ್ತಾರೆ ಎಂದು ನೋಡಿ!

ಕೆಲಸಕ್ಕೆ ಬಾರದ ಉಪಾಯಗಳನ್ನೂ ಬರೆಯಿರಿ. "ಬೇರಿಂಗ್ ಬದಲಿಸಿ ನೋಡಿದೆವು, ಪ್ರಯೋಜನವಾಗಲಿಲ್ಲ" ಎಂಬ ಒಂದು ಸಾಲು ಇನ್ನೊಂದು ದೇಶದ ತಂಡಕ್ಕೆ ಎರಡು ದಿನ ಉಳಿಸುತ್ತದೆ.

ನಮ್ಮ ಹಿರಿಯ ಇಂಜಿನಿಯರ್ ನೋಟಿಸ್ ಪೀರಿಯಡ್‌ನಲ್ಲಿದ್ದಾರೆ. ಕೆಟಿ (ನಾಲೆಜ್ ಟ್ರಾನ್ಸ್‌ಫರ್, ತಿಳಿವಳಿಕೆಯ ವರ್ಗಾವಣೆ) ಹೇಗೆ ಮಾಡಬೇಕು?

ಸಾಮಾನ್ಯವಾಗಿ ಆಗುವುದು ಹೀಗೆ: ಕೊನೆಯ ವಾರ ದಿನಕ್ಕೆ ಎರಡು ಗಂಟೆ ಸ್ಕ್ರೀನ್ ಷೇರ್, ರೆಕಾರ್ಡಿಂಗ್, "ಏನಾದರೂ ಡೌಟ್ ಇದೆಯಾ?", ಮೌನ, ಕೇಕ್, ಬೀಳ್ಕೊಡುಗೆ. ಆ ರೆಕಾರ್ಡಿಂಗನ್ನು ಆಮೇಲೆ ಯಾರೂ ತೆರೆಯುವುದಿಲ್ಲ. ಕನಿಷ್ಠ ನಾಲ್ಕು ವಾರ ಸಿಗುವುದಾದರೆ ಹೀಗೆ ಮಾಡಿ.

ಮೊದಲ ವಾರ ಹೋಗುವವರು ಪಾಠ ಮಾಡುವುದು ಬೇಡ. ಬರುವವರು ಹಿಂದಿನ ಆರು ತಿಂಗಳ ಟಿಕೆಟ್ (ದಾಖಲಾದ ದೂರು, ಕೋರಿಕೆ), ಮೇಲ್‌ಗಳನ್ನು ಓದಿ ತಮಗೆ ತಿಳಿಯದ್ದನ್ನು ಪಟ್ಟಿ ಮಾಡಲಿ. ಪ್ರಶ್ನೆ ಅವರದಾದರೆ ಉತ್ತರ ತಲೆಯಲ್ಲಿ ನಿಲ್ಲುತ್ತದೆ. ಇದೇ ವಾರ ಹೋಗುವವರು ತಮ್ಮ ಕೆಲಸವನ್ನು ದಿನದ್ದು, ತಿಂಗಳದ್ದು, ವರ್ಷದ್ದು ಎಂದು ಮೂರು ಪಾಲು ಮಾಡಲಿ. ಕಳೆದುಹೋಗುವುದು ಯಾವಾಗಲೂ ವರ್ಷದ ಪಾಲೇ: ಸರ್ಟಿಫಿಕೇಟ್ ನವೀಕರಣ, ಲೈಸೆನ್ಸ್, ಮಾರ್ಚ್ ಕೊನೆಯ ಲೆಕ್ಕ, ಅಳತೆ ಸಾಧನಗಳ ಕ್ಯಾಲಿಬ್ರೇಷನ್. ಹನ್ನೊಂದು ತಿಂಗಳು ಎಲ್ಲವೂ ಚೆನ್ನಾಗಿದ್ದು, ಹನ್ನೆರಡನೆಯ ತಿಂಗಳು ಸರ್ವರ್ ನಿಲ್ಲುವುದು ಇದರಿಂದ.

ಎರಡನೆಯ ವಾರ ಹೋಗುವವರು ಕೆಲಸ ಮಾಡುತ್ತಾರೆ, ಬರುವವರು ಪಕ್ಕದಲ್ಲಿ ಕೂತು ನೋಡುತ್ತಾರೆ, ಪುಟವನ್ನು ಬರೆಯುವುದೂ ಅವರೇ. ಬಲ್ಲವರು ಬರೆದರೆ ಅವರಿಗೆ ಸಹಜವೆನಿಸುವ ಹೆಜ್ಜೆಗಳೆಲ್ಲ ಬಿಟ್ಟುಹೋಗುತ್ತವೆ. ಮೂರನೆಯ ವಾರ ಜಾಗ ಅದಲುಬದಲು: ಬರುವವರು ಕೀಬೋರ್ಡಿನ ಮುಂದೆ, ಹೋಗುವವರ ಕೈ ಮಡಿಲಲ್ಲಿ. ಇದೇ ರಿವರ್ಸ್ ಕೆಟಿ. ನಾಲ್ಕನೆಯ ವಾರ ಮೂರು ದಿನ ಹೋಗುವವರು ಕಚೇರಿಯಲ್ಲಿದ್ದರೂ ಇಲ್ಲದ ಹಾಗೆ ಇರಬೇಕು, ಚಾಟ್‌ಗೂ ಸಿಗಬಾರದು. ಬಿಟ್ಟುಹೋದದ್ದು ಏನೆಂದು ಆ ಮೂರು ದಿನದಲ್ಲಿ ಗೊತ್ತಾಗುತ್ತದೆ, ಕೇಳಿ ತುಂಬಿಕೊಳ್ಳಲು ಇನ್ನೂ ಎರಡು ದಿನ ಇರುತ್ತವೆ.

ಇದಲ್ಲದೆ ಇನ್ನೊಂದು ಪಟ್ಟಿ ಬೇಕು: ಯಾವ ಕಷ್ಟಕ್ಕೆ ಯಾರಿಗೆ ಫೋನ್ ಮಾಡುತ್ತಿದ್ದರು. ಹತ್ತು ಹದಿನೈದು ಹೆಸರು, ಅವರೊಂದಿಗೆ ಮಾತಾಡುವ ರೀತಿ ಸಮೇತ. ಸಾಧ್ಯವಾದರೆ ಆ ಒಬ್ಬೊಬ್ಬರಿಗೂ ಹೊಸಬರನ್ನು ಐದೈದು ನಿಮಿಷ ಪರಿಚಯ ಮಾಡಿಸಿ. ವಿದೇಶದ ತಂಡದಲ್ಲಿ ಪರಿಚಯವಿಲ್ಲದವರ ಮೇಲ್‌ಗೆ ಉತ್ತರ ಬರುವುದು ನಿಧಾನ.

ರೆಕಾರ್ಡ್ ಮಾಡಲೇಬೇಕೆಂದರೆ ಒಂದು ಕೆಲಸಕ್ಕೆ ಒಂದು ವೀಡಿಯೊ, ಎಂಟು ಹತ್ತು ನಿಮಿಷ ಮೀರದಂತೆ.

"ಅದು ಕೈಗೇ ಗೊತ್ತಾಗುತ್ತೆ" ಎನ್ನುವವರಿಂದ ಬರೆಸುವುದು ಹೇಗೆ?

ಬರೆಸಲು ಹೋಗಬೇಡಿ. ಮೈಸೂರು ಪಾಕಿನ ಅಳತೆಯನ್ನು ಯಾರು ಬೇಕಾದರೂ ಬರೆದುಕೊಡಬಹುದು, ಪಾಕದ ಹದ ಕಾಗದಕ್ಕೆ ಇಳಿಯುವುದಿಲ್ಲ. ಒಲೆಯ ಪಕ್ಕ ನಿಂತೇ ಕಲಿಯಬೇಕು. ಕಾರ್ಖಾನೆಯಲ್ಲೂ, ಕೋಡ್ ರಿವ್ಯೂನಲ್ಲೂ, ಗ್ರಾಹಕರ ಜೊತೆಗಿನ ಮಾತುಕತೆಯಲ್ಲೂ ಇಂಥ ಹದ ಇದೆ.

1980ರ ದಶಕದಲ್ಲಿ ಜಪಾನಿನ ಮತ್ಸುಶಿತ ಕಂಪನಿ ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರ ತಯಾರಿಸಹೊರಟಾಗ ಹಿಟ್ಟು ಸರಿಯಾಗಿ ನಾದಿಸಿಕೊಳ್ಳುತ್ತಿರಲಿಲ್ಲ. ಇಕುಕೊ ತನಾಕ ಎಂಬ ಸಾಫ್ಟ್‌ವೇರ್ ಇಂಜಿನಿಯರ್ ಒಸಾಕದ ಹೋಟೆಲೊಂದರ ಮುಖ್ಯ ಬ್ರೆಡ್ ತಯಾರಕರ ಬಳಿ ಕೆಲಸ ಕಲಿತರು. ಆ ತಯಾರಕರು ಹಿಟ್ಟನ್ನು ಎಳೆಯುವುದಷ್ಟೇ ಅಲ್ಲ, ಎಳೆಯುತ್ತಲೇ ತಿರುಚುತ್ತಾರೆ ಎಂಬುದು ಪಕ್ಕದಲ್ಲಿ ನಿಂತ ಮೇಲೆ ಕಂಡಿತು. ಯಂತ್ರದ ಒಳಗೋಡೆಗೆ ಏಣುಗಳನ್ನು ಕೂಡಿಸಿ ಆ ತಿರುಚುವಿಕೆಯನ್ನು ತಂದರು. ಯಂತ್ರ 1987ರಲ್ಲಿ ಮಾರುಕಟ್ಟೆಗೆ ಬಂತು.

ಅನುಭವಿಗಳನ್ನು "ಹೇಗೆ ಮಾಡುತ್ತೀರಿ?" ಎಂದು ಕೇಳಿದರೆ ಕೈಪಿಡಿಯ ಉತ್ತರವೇ ಬರುತ್ತದೆ. "ಕೊನೆಯ ಸಲ ಯಾವಾಗ ಕೈಪಿಡಿ ಬಿಟ್ಟು ಬೇರೆ ದಾರಿ ಹಿಡಿದಿರಿ?", "ಏನು ಕಂಡರೆ ನಿಲ್ಲಿಸುತ್ತೀರಿ?", "ಹೊಸಬರು ಇಲ್ಲಿ ಏನು ತಪ್ಪು ಮಾಡುತ್ತಾರೆ?" ಎಂದು ಕೇಳಿ. ಯಂತ್ರದ ಮುಂದೆ ನಿಂತು ಕೇಳಿ, ಮೀಟಿಂಗ್ ರೂಮಿನಲ್ಲಿ ಅಲ್ಲ. ದೂರದ ದೇಶಕ್ಕೆ ಈ ಹದ ತಲುಪಬೇಕಾದರೆ ಇಬ್ಬರನ್ನು ವಿಮಾನ ಹತ್ತಿಸುವುದೇ ಕಡಿಮೆ ಖರ್ಚಿನ ದಾರಿ. ಒಬ್ಬರನ್ನು ಕಳಿಸಿದರೆ, ಅವರು ಕೆಲಸ ಬಿಟ್ಟ ದಿನ ಮತ್ತೆ ಸೊನ್ನೆ.

"ಅರ್ಥವಾಯಿತಾ?" ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. ಆಮೇಲೆ ನೋಡಿದರೆ ಯಾರಿಗೂ ಅರ್ಥವಾಗಿರುವುದಿಲ್ಲ.

ಆ ಪ್ರಶ್ನೆಗೆ 'ಇಲ್ಲ' ಎಂದು ಹೇಳಲು ಧೈರ್ಯ ಬೇಕು. ಹೇಳಿಕೊಟ್ಟವರ ಮರ್ಯಾದೆ ಹೋದಂತೆ ಎಂಬ ಸಂಕೋಚ, ನಾನೊಬ್ಬನೇ ದಡ್ಡನೇನೋ ಎಂಬ ಅಳುಕು. ನಮ್ಮ 'ಆಯ್ತು ಸರ್' ಎಂದರೆ ಬಹಳ ಸಲ 'ಕೇಳಿಸಿಕೊಂಡೆ' ಎಂದಷ್ಟೇ. ಜಪಾನೀಯರ 'ಹಾಯ್' (ಹೌದು) ಕೂಡ ಹಾಗೆಯೇ. ಅವರ 'ಕೆಂತೋ ಶಿಮಾಸು', ಅಂದರೆ 'ಪರಿಶೀಲಿಸುತ್ತೇವೆ', ಹೆಚ್ಚುಕಮ್ಮಿ ನಮ್ಮ 'ನೋಡೋಣ': ಸೌಜನ್ಯದಿಂದ ಹೇಳಿದ 'ಇಲ್ಲ' ಇರಬಹುದು. ಬೆಂಗಳೂರಿನವರಿಗೆ ಇದು ಬೇಗ ತಿಳಿಯುತ್ತದೆ, ಡಲ್ಲಾಸ್‌ನವರಿಗೆ ಬಿಡಿಸಿ ಹೇಳಬೇಕು.

ಪ್ರಶ್ನೆ ಬದಲಿಸಿ: "ನಾಳೆ ಬೆಳಿಗ್ಗೆ ಇದನ್ನು ನೀವು ಶುರುಮಾಡಿದರೆ ಮೊದಲ ಮೂರು ಹೆಜ್ಜೆ ಯಾವುವು?" ಅಥವಾ "ಇದರಲ್ಲಿ ಎಲ್ಲಿ ಕೆಡಬಹುದು?" ಇವಕ್ಕೆ 'ಹೌದು' ಎಂದು ಉತ್ತರಿಸಲಾಗದು. ಬರೆದು ಕಳಿಸಲು ಒಂದು ದಿನ ಕೊಡಿ. ಮಾತಿನಲ್ಲಿ ಸುಮ್ಮನಿರುವವರು ಬರಹದಲ್ಲಿ ಬಿಚ್ಚಿ ಹೇಳುತ್ತಾರೆ.

ಒಂದು ಪದದ ಎಚ್ಚರ: ನಮ್ಮ ಇಂಗ್ಲಿಷಿನಲ್ಲಿ 'ಡೌಟ್' ಎಂದರೆ ಪ್ರಶ್ನೆ. ಅಮೆರಿಕದವರ ಕಿವಿಗೆ ಅದು 'ನೀವು ಹೇಳಿದ್ದರ ಮೇಲೆ ನನಗೆ ನಂಬಿಕೆಯಿಲ್ಲ' ಎಂದು ಕೇಳಿಸುತ್ತದೆ. 'ಕ್ವೆಶ್ಚನ್' ಎಂದುಬಿಡಿ. 'ಪ್ರಿಪೋನ್' (ಮುಂಚಿನ ಸಮಯಕ್ಕೆ ತರುವುದು) ಕೂಡ ನಮ್ಮ ಗಡಿ ದಾಟಿದರೆ ಹಲವರಿಗೆ ತಿಳಿಯುವುದಿಲ್ಲ.

ಜರ್ಮನಿಯ ಸಹೋದ್ಯೋಗಿಗಳು ಎಲ್ಲರೆದುರೇ "ಇದು ತಪ್ಪು" ಎನ್ನುತ್ತಾರೆ. ನಮ್ಮ ಹುಡುಗರು ಹಂಚಿಕೊಳ್ಳುವುದನ್ನೇ ನಿಲ್ಲಿಸಿದ್ದಾರೆ.

ಅವರು ತಪ್ಪೆಂದದ್ದು ಕೆಲಸವನ್ನು, ವ್ಯಕ್ತಿಯನ್ನಲ್ಲ. ಕೆಲಸ ಸರಿಯಿದ್ದಾಗ ಏನೂ ಹೇಳದಿರುವುದೇ ಅಲ್ಲಿ ಹಲವರ ಮೆಚ್ಚುಗೆ. ಎಲ್ಲ ಜರ್ಮನ್ನರೂ ಹಾಗಲ್ಲ ಎಂಬುದೂ ನಿಜ. ಎರಡೂ ಕಡೆ ಒಪ್ಪುವ ಒಂದು ಏರ್ಪಾಡು: ಕರಡನ್ನು ಮೀಟಿಂಗಿಗೆ 48 ಗಂಟೆ ಮುಂಚೆ ಕಳಿಸಿ, ಟೀಕೆಗಳೆಲ್ಲ ಆ ಕಡತದಲ್ಲೇ ಬರಲಿ, ಮೀಟಿಂಗಿನಲ್ಲಿ ತೀರ್ಮಾನ ಮಾತ್ರ. ಮುಜುಗರ ಅರ್ಧ ಕಡಿಮೆಯಾಗುತ್ತದೆ, ಟೀಕೆಯ ಮೊನೆ ಮಾತ್ರ ಹಾಗೇ ಉಳಿಯುತ್ತದೆ.

ಜಪಾನಿನವರ ಮೀಟಿಂಗಿನಲ್ಲಿ ಚರ್ಚೆಯೇ ನಡೆಯುವುದಿಲ್ಲ. ಹಾಗಾದರೆ ತೀರ್ಮಾನ ಎಲ್ಲಿ ಆಗುತ್ತದೆ?

ಮೀಟಿಂಗಿಗೆ ಮುಂಚೆ. 'ನೆಮವಾಶಿ' ಎಂಬುದು ತೋಟಗಾರಿಕೆಯ ಪದ. ಮರವನ್ನು ಬೇರೆಡೆ ನೆಡುವ ಮೊದಲು ಬೇರಿನ ಸುತ್ತ ಅಗೆದು ಅಣಿ ಮಾಡುವುದು. ಪ್ರಸ್ತಾಪವನ್ನು ಸಂಬಂಧಪಟ್ಟ ಒಬ್ಬೊಬ್ಬರಿಗೂ ಮೊದಲೇ ತೋರಿಸಿ, ಆಕ್ಷೇಪ ಕೇಳಿ, ತಿದ್ದಿ, ಆಮೇಲೆ ಸಭೆಗೆ ತರುತ್ತಾರೆ. ನೇರ ಸಭೆಗೆ ಹೊಸ ವಿಷಯ ತಂದು "ಏನಂತೀರಿ?" ಎಂದರೆ ಸಿಗುವುದು ಮೌನ. ಒಂದು ವಾರ ಮುಂಚೆ ಇಬ್ಬರು ಮೂವರಿಗೆ ಪ್ರತ್ಯೇಕವಾಗಿ ಕಳಿಸಿ.

ಜಪಾನಿನ ಕಾರ್ಖಾನೆಗಳಿಂದ ಕಲಿಯಬೇಕಾದ ಇನ್ನೊಂದು ಪದ 'ಯೋಕೊಟೆನ್', ಅಡ್ಡಡ್ಡಲಾಗಿ ಹರಡುವುದು. ಒಂದು ಲೈನಿನಲ್ಲಿ ಕಂಡ ಪರಿಹಾರವನ್ನು ಇನ್ನೊಂದು ಲೈನಿನವರು ಬಂದು ಕಣ್ಣಾರೆ ನೋಡಿ, ತಮ್ಮಲ್ಲಿಗೆ ಹೊಂದಿಸಿಕೊಂಡು ಅಳವಡಿಸುತ್ತಾರೆ. ಕಣ್ಣುಮುಚ್ಚಿ ನಕಲು ಮಾಡುವಂತಿಲ್ಲ. ನಮ್ಮ ಕಂಪನಿಗಳ 'ಬೆಸ್ಟ್ ಪ್ರಾಕ್ಟೀಸ್' ಸುತ್ತೋಲೆಗಳು ಸೋಲುವುದು ಇಲ್ಲೇ: ನೋಡುವ, ಹೊಂದಿಸಿಕೊಳ್ಳುವ ಎರಡು ಹೆಜ್ಜೆ ಬಿಟ್ಟು ನೇರ ಅಳವಡಿಸಿ ಎನ್ನುತ್ತವೆ.

ಟೊಯೋಟಾದವರು ಸಮಸ್ಯೆಯ ಕಥೆಯನ್ನು ಒಂದೇ ಎ3 ಹಾಳೆಯಲ್ಲಿ ಮುಗಿಸುತ್ತಾರೆ, 297 ಮಿ.ಮೀ. ಗುಣಿಸು 420 ಮಿ.ಮೀ. ಹಿನ್ನೆಲೆ, ಈಗಿನ ಸ್ಥಿತಿ, ಗುರಿ, ಮೂಲ ಕಾರಣ, ಪರಿಹಾರ, ಮುಂದಿನ ಪರಿಶೀಲನೆ. ಜಾಗದ ಮಿತಿಯೇ ಯೋಚನೆಯನ್ನು ಹರಿತ ಮಾಡುತ್ತದೆ. ಭಾಷೆ ಅಷ್ಟಾಗಿ ಬಾರದ ಇಬ್ಬರ ನಡುವೆ ಚಿತ್ರ ತುಂಬಿದ ಒಂದು ಎ3, ನಲವತ್ತು ಸ್ಲೈಡುಗಳಿಗಿಂತ ಮೇಲು.

ಅಂಕಿ, ಅಳತೆ, ದಿನಾಂಕಗಳಲ್ಲಿ ಏನೇನು ಗೊಂದಲವಾಗುತ್ತದೆ?

ಹೆಚ್ಚು ನಷ್ಟ ಆಗುವುದು ಇಲ್ಲೇ, ಯಾಕೆಂದರೆ ಇಲ್ಲಿ ತಪ್ಪು ತಿಳಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ಭಾಷೆ ಅರ್ಥವಾಗದಿದ್ದರೆ ಕೇಳುತ್ತೇವೆ, ಅಂಕಿ ಅರ್ಥವಾಗಿದೆ ಎಂದೇ ಅಂದುಕೊಳ್ಳುತ್ತೇವೆ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್ 23ರಂದು ಮಂಗಳದ ಬಳಿ ನಾಶವಾದದ್ದು ಹೀಗೆ. ಒಂದು ತಂಡದ ಸಾಫ್ಟ್‌ವೇರ್ ಪೌಂಡ್-ಸೆಕೆಂಡಿನಲ್ಲಿ ಲೆಕ್ಕ ಕೊಟ್ಟಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್-ಸೆಕೆಂಡ್ ಎಂದು ಓದಿತು. ವ್ಯತ್ಯಾಸ 4.45 ಪಟ್ಟು.

ದಿನಾಂಕ: 03/04 ಎಂದರೆ ನಮಗೆ ಏಪ್ರಿಲ್ 3, ಅಮೆರಿಕಕ್ಕೆ ಮಾರ್ಚ್ 4. ಕಡತದ ಹೆಸರಿನಲ್ಲಿ 2025-04-03 ಎಂದೇ ಬರೆಯಿರಿ. ಇದು ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8601ರ ಕ್ರಮ, ಕಡತಗಳು ತಾವಾಗಿಯೇ ಕಾಲಕ್ರಮದಲ್ಲಿ ಕೂರುತ್ತವೆ.

ವಾರ: ಜರ್ಮನ್ನರು 'ಕಾ ವೇ 32' ಎನ್ನುತ್ತಾರೆ, ವರ್ಷದ 32ನೇ ವಾರ. ಸೋಮವಾರದಿಂದ ಶುರು, ವರ್ಷದ ಮೊದಲ ಗುರುವಾರ ಇರುವ ವಾರವೇ ಒಂದನೆಯದು. ಅಮೆರಿಕದ ಕ್ಯಾಲೆಂಡರ್ ಭಾನುವಾರ ಶುರುವಾಗುತ್ತದೆ.

ಗಂಟೆ: ಜರ್ಮನ್ನಿನ 'ಹಾಲ್ಬ್ ನೊಯ್ನ್', ಪದಕ್ಕೆ ಪದ 'ಅರ್ಧ ಒಂಬತ್ತು', ಎಂಟೂವರೆ. ಇಂಗ್ಲೆಂಡಿನವರ 'ಹಾಫ್ ನೈನ್' ಒಂಬತ್ತೂವರೆ. ಮೂರು ದೇಶದವರಿದ್ದರೆ 08:30 ಎಂದು ಅಂಕಿಯಲ್ಲೇ ಹೇಳಿ.

ದಶಮಾಂಶ: ಜರ್ಮನಿಯ 1.500 ಎಂದರೆ ಒಂದೂವರೆ ಸಾವಿರ, ನಮಗೆ ಒಂದೂವರೆ. ಸಿಎಸ್‌ವಿ (ಸರಳ ಪಠ್ಯದ ಅಂಕಿಪಟ್ಟಿ) ಕಡತವನ್ನು ಎಕ್ಸೆಲ್‌ನಲ್ಲಿ ತೆರೆದಾಗ ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಪ್ರಕಾರ ಅಂಕಿ ಬದಲಾಗುತ್ತದೆ, ಎಚ್ಚರಿಕೆಯೂ ಬರುವುದಿಲ್ಲ.

ದೊಡ್ಡ ಸಂಖ್ಯೆ: ಅಮೆರಿಕದ ಬಿಲಿಯನ್ ನೂರು ಕೋಟಿ. ಜರ್ಮನ್ನಿನಲ್ಲಿ ಅದು 'ಮಿಲಿಯಾರ್ಡೆ'. ಅವರ 'ಬಿಲಿಯೋನ್' ಲಕ್ಷ ಕೋಟಿ. ಜಪಾನಿನ 'ಒಕು' ಹತ್ತು ಕೋಟಿ. ಲಕ್ಷ, ಕೋಟಿ ನಮ್ಮೊಳಗೆ ಇರಲಿ, ಹೊರಗೆ ಹೋಗುವ ಕಡತದಲ್ಲಿ ಸೊನ್ನೆಗಳನ್ನೇ ಬರೆಯಿರಿ.

ತ್ರೈಮಾಸಿಕ: ನಮ್ಮ 'ಕ್ಯೂ1' ಏಪ್ರಿಲ್‌ನಿಂದ ಜೂನ್, ಜರ್ಮನಿಯ ಹಲವು ಕಂಪನಿಗಳದ್ದು ಜನವರಿಯಿಂದ ಮಾರ್ಚ್. ತಿಂಗಳ ಹೆಸರು ಹೇಳಿ.

ನಕ್ಷೆ (ವಸ್ತುವಿನ ಬೇರೆ ಬೇರೆ ನೋಟಗಳನ್ನು ಹಾಳೆಯಲ್ಲಿ ಜೋಡಿಸುವ ಕ್ರಮ): ಭಾರತ, ಯುರೋಪಿನಲ್ಲಿ ಫಸ್ಟ್ ಆಂಗಲ್, ಅಮೆರಿಕ, ಜಪಾನಿನಲ್ಲಿ ಥರ್ಡ್ ಆಂಗಲ್. ನಕ್ಷೆಯ ಮೂಲೆಯ ಟೈಟಲ್ ಬ್ಲಾಕಿನ (ವಿವರದ ಚೌಕ) ಶಂಕುವಿನ ಚಿಹ್ನೆ ನೋಡದೆ ಕೆಲಸ ಹಿಡಿದರೆ ತೂತು ಆಚೆ ಬದಿಗೆ ಬರುತ್ತದೆ, ಇಡೀ ಬ್ಯಾಚ್ ಗುಜರಿ. ಪೀಣ್ಯದ ಹಳೆಯ ಟರ್ನರುಗಳು ನಕ್ಷೆ ಕೈಗೆ ಬಂದ ಕೂಡಲೇ ಆ ಮೂಲೆಯನ್ನು ಮೊದಲು ನೋಡುತ್ತಾರೆ.

ದೇಶ ಬಿಡಿ, ನಮ್ಮದೇ ಕಟ್ಟಡದ ಡಿಸೈನ್ ಮತ್ತು ಉತ್ಪಾದನಾ ವಿಭಾಗಗಳ ನಡುವೆಯೇ ಮಾತಿಲ್ಲ. ಏನು ಮಾಡುವುದು?

ವಿಭಾಗವೂ ಒಂದು ದೇಶವೇ, ಅದಕ್ಕೂ ತನ್ನದೇ ಭಾಷೆ ಇದೆ. 'ರಿಲೀಸ್' ಎಂದರೆ ಡಿಸೈನಿನವರಿಗೆ ನಕ್ಷೆ ಅಂತಿಮವಾಯಿತು ಎಂದು, ಪರ್ಚೇಸ್‌ಗೆ ಆರ್ಡರ್ ಹೊರಡಬಹುದು ಎಂದು, ಸಾಫ್ಟ್‌ವೇರಿನವರಿಗೆ ಗ್ರಾಹಕರ ಕೈಗೆ ಹೋಯಿತು ಎಂದು. ಇಂಥ ಇಪ್ಪತ್ತು ಪದ ಆರಿಸಿ, ವಿಭಾಗಕ್ಕೊಬ್ಬರಂತೆ ಕೂತು ಒಂದೊಂದಕ್ಕೂ ಒಂದು ಸಾಲಿನ ಅರ್ಥ ಬರೆಯಿರಿ. ಎರಡು ಗಂಟೆಯ ಕೆಲಸ. ಮೊದಲ ಅರ್ಧ ಗಂಟೆ ಜಗಳವೇ ಆಗುತ್ತದೆ, ಆಗಲಿ.

ಸಲಕರಣೆಯೂ ಒಂದೇ ಇರಬೇಕು. ಏರ್‌ಬಸ್ ಎ380 ವಿಮಾನದ ವಿಳಂಬ 2006ರಲ್ಲಿ ಬಯಲಾದಾಗ ಒಂದು ಮುಖ್ಯ ಕಾರಣ ವೈರಿಂಗ್. ಜರ್ಮನಿ, ಸ್ಪೇನಿನ ತಂಡಗಳು ಕ್ಯಾಟಿಯಾ ತಂತ್ರಾಂಶದ 4ನೇ ಆವೃತ್ತಿ ಬಳಸುತ್ತಿದ್ದವು, ಫ್ರಾನ್ಸ್, ಬ್ರಿಟನ್ನಿನವು 5ನೆಯದನ್ನು. ಒಂದು ಕಡೆಯ ತಿದ್ದುಪಡಿ ಇನ್ನೊಂದು ಕಡೆಗೆ ಸರಿಯಾಗಿ ಹೋಗಲಿಲ್ಲ. ಒಂದು ವಿಮಾನದಲ್ಲಿ ಸುಮಾರು 530 ಕಿ.ಮೀ. ತಂತಿ. ಹ್ಯಾಂಬರ್ಗ್‌ನಿಂದ ಟುಲೂಸ್‌ಗೆ ಬಂದ ಭಾಗಗಳನ್ನು ಕೂಡಿಸಹೋದಾಗ ತಂತಿಗಳ ಉದ್ದ ಸಾಲಲಿಲ್ಲ. ಬೇರೆ ಬೇರೆ ಆವೃತ್ತಿಯ ತಂತ್ರಾಂಶಗಳಿದ್ದರೆ ಯೋಜನೆಯ ಮೊದಲ ತಿಂಗಳಲ್ಲೇ ಒಂದು ಪುಟ್ಟ ಭಾಗವನ್ನು ಅತ್ತಿಂದಿತ್ತ, ಇತ್ತಿಂದತ್ತ ಕಳಿಸಿ ಅಳತೆಗಳನ್ನು ಹೋಲಿಸಿ ನೋಡಿ.

ಮೂರು ಖಂಡದವರಿಗೂ ಒಪ್ಪುವ ಮೀಟಿಂಗ್ ಸಮಯ ಯಾವುದು?

ಟೋಕಿಯೊ, ಬೆಂಗಳೂರು, ಸ್ಟುಟ್‌ಗಾರ್ಟ್ ಮೂರಕ್ಕೂ ಬೇಸಿಗೆಯಲ್ಲಿ ನಮ್ಮ ಮಧ್ಯಾಹ್ನ 12:30ರಿಂದ 2:30 ಒಪ್ಪುತ್ತದೆ. ಆಗ ಸ್ಟುಟ್‌ಗಾರ್ಟ್‌ನಲ್ಲಿ ಬೆಳಿಗ್ಗೆ 9ರಿಂದ 11, ಟೋಕಿಯೊದಲ್ಲಿ ಸಂಜೆ 4ರಿಂದ 6. ನಮ್ಮ ಊಟದ ಹೊತ್ತು ಹೋಗುತ್ತದೆ, ವಾರಕ್ಕೊಮ್ಮೆಗಿಂತ ಹೆಚ್ಚು ಬೇಡ. ಅಮೆರಿಕ ಸೇರಿದರೆ ಎಲ್ಲರಿಗೂ ಒಪ್ಪುವ ಸಮಯ ಇಲ್ಲವೇ ಇಲ್ಲ. ನಮ್ಮ ಸಂಜೆ 6:30ಕ್ಕೆ ನ್ಯೂಯಾರ್ಕ್‌ನಲ್ಲಿ ಬೇಸಿಗೆಯ ಬೆಳಿಗ್ಗೆ 9, ಟೋಕಿಯೊದಲ್ಲಿ ರಾತ್ರಿ 10. ನಿದ್ದೆಗೆಡುವ ಸರದಿ ತಿಂಗಳಿಗೊಂದು ದೇಶಕ್ಕೆ ಹೋಗಲಿ. ಯಾವಾಗಲೂ ಬೆಂಗಳೂರೇ ರಾತ್ರಿ ಕೂರಬೇಕೆಂಬ ಅಲಿಖಿತ ನಿಯಮ ಇದ್ದಲ್ಲಿ ನಮ್ಮವರು ಕೇಳುವುದನ್ನು ಕಡಿಮೆ ಮಾಡುತ್ತಾರೆ.

ಮಾರ್ಚ್‌ನಲ್ಲಿ ಎಚ್ಚರ. ಅಮೆರಿಕ ತನ್ನ ಗಡಿಯಾರವನ್ನು ಮಾರ್ಚ್‌ನ ಎರಡನೇ ಭಾನುವಾರ ತಿರುಗಿಸುತ್ತದೆ, ಯುರೋಪ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಎಲ್ಲ ಲೆಕ್ಕವೂ ಒಂದು ಗಂಟೆ ಆಚೀಚೆ. ಶರತ್ಕಾಲದಲ್ಲಿ ಯುರೋಪ್ ಅಕ್ಟೋಬರ್ ಕೊನೆಯ ಭಾನುವಾರ, ಅಮೆರಿಕ ನವೆಂಬರ್‌ನ ಮೊದಲ ಭಾನುವಾರ.

ಮೀಟಿಂಗಿಗಿಂತ ಬರಹದ ಹ್ಯಾಂಡೋವರ್ ಒಳ್ಳೆಯದು. ದಿನದ ಕೊನೆಗೆ ನಾಲ್ಕು ಸಾಲು: ಎಲ್ಲಿಗೆ ಬಂದಿದೆ, ಎಲ್ಲಿ ಸಿಕ್ಕಿಕೊಂಡಿದೆ, ಏನೇನು ಪ್ರಯತ್ನಿಸಿದೆವು, ನಿಮ್ಮಿಂದ ಯಾವ ಹೊತ್ತಿಗೆ ಏನು ಬೇಕು. ನಾಲ್ಕನೆಯದು ಬಿಟ್ಟರೆ ಇಡೀ ದಿನ ಹೋಗುತ್ತದೆ.

ಇಡೀ ಕಂಪನಿಗೆ ಇಂಗ್ಲಿಷ್ ಒಂದೇ ಮಾಡಿಬಿಟ್ಟರೆ?

ಜಪಾನಿನ ರಾಕುಟೆನ್ 2010ರಲ್ಲಿ ಹಾಗೆಂದು ಘೋಷಿಸಿ, ಎರಡು ವರ್ಷ ಕಾಲಾವಕಾಶ ಕೊಟ್ಟು, 2012ರಲ್ಲಿ ಜಾರಿಗೆ ತಂದಿತು. ನೌಕರರಿಗೆ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕದ ಗುರಿಯೂ ಇತ್ತು. ಆ ಮಟ್ಟದ ಹಟ ಇಲ್ಲದಿದ್ದರೆ ಅರೆಬರೆ ಇಂಗ್ಲಿಷಿನಲ್ಲಿ ಅರೆಬರೆ ಮಾಹಿತಿ ಹರಿದಾಡುತ್ತದೆ. ಚೆನ್ನಾಗಿ ಮಾತಾಡುವವರೇ ಚೆನ್ನಾಗಿ ಬಲ್ಲವರು ಎಂಬ ಭ್ರಮೆಯೂ ಹುಟ್ಟುತ್ತದೆ.

ಕಚೇರಿಗೆ ಇಂಗ್ಲಿಷ್ ಸರಿ. ಶಾಪ್ ಫ್ಲೋರಿಗೆ ಕನ್ನಡ ಬೇಕೇ ಬೇಕು. ಬಿಡದಿ, ನರಸಾಪುರ, ಹೊಸಕೋಟೆಯ ಲೈನಿನಲ್ಲಿ ನಿಂತವರಿಗೆ ಸೂಚನಾ ಹಾಳೆ ಕನ್ನಡದಲ್ಲಿರಲಿ. ಆದರೆ 'ಬಿರಿ', 'ತಿರುಪು' ಎಂದು ನಿಘಂಟಿನಿಂದ ಎತ್ತಿ ಹಾಕಬೇಡಿ. ಅವರು ಹೇಳುವುದು 'ಬ್ರೇಕ್', 'ಸ್ಕ್ರೂ', 'ಟಾರ್ಕ್', 'ಜಿಗ್'. ಪದ ಅವರದು, ವಾಕ್ಯ ಕನ್ನಡದ್ದು. ಯಂತ್ರಾನುವಾದದಲ್ಲಿ ಮೊದಲು ಹುಡುಕಬೇಕಾದ ತಪ್ಪು ನಿಷೇಧದ ವಾಕ್ಯಗಳಲ್ಲಿ. 'ಮಾಡಬೇಡಿ' ಎಂಬುದು 'ಮಾಡಿ' ಆಗಿದ್ದರೆ ಕೈಬೆರಳಿಗೇ ಕುತ್ತು. ಲೈನಿನವರೊಬ್ಬರಿಗೆ ಹಾಳೆ ಕೊಟ್ಟು, ಅದರಲ್ಲಿದ್ದಂತೆ ಮಾಡಿ ತೋರಿಸಿ ಎನ್ನಿ. ಅದೇ ಪರೀಕ್ಷೆ.

ಎಲ್ಲ ಮೀಟಿಂಗನ್ನೂ ರೆಕಾರ್ಡ್ ಮಾಡಿ, ಎಲ್ಲ ಕಡತವನ್ನೂ ಎಲ್ಲರಿಗೂ ತೆರೆದಿಟ್ಟರೆ ಆಗದೇ?

ಆಗದು. ಜರ್ಮನಿಯಲ್ಲಿ ಖಾಸಗಿ ಮಾತುಕತೆಯನ್ನು ಒಪ್ಪಿಗೆಯಿಲ್ಲದೆ ಧ್ವನಿಮುದ್ರಿಸುವುದು ಅಪರಾಧ. ಯಾವ ಪುಟವನ್ನು ಯಾರು ಎಷ್ಟು ಹೊತ್ತು ನೋಡಿದರು ಎಂಬಂಥ ಲೆಕ್ಕ ಇಡುವ ತಂತ್ರಾಂಶಕ್ಕೆ ಅಲ್ಲಿನ ನೌಕರರ ಮಂಡಳಿಯ ಸಮ್ಮತಿ ಬೇಕಾಗುತ್ತದೆ. ಬೆಂಗಳೂರಿನಲ್ಲಿ ಆರಿಸಿದ ಸಲಕರಣೆ ಅಲ್ಲಿ ತಿಂಗಳುಗಟ್ಟಲೆ ನಿಲ್ಲುವುದು ಇದರಿಂದಲೇ, ಮೊದಲೇ ಕೇಳಿ. ಯುರೋಪಿನ ದತ್ತಾಂಶ ರಕ್ಷಣಾ ನಿಯಮ ಜಿಡಿಪಿಆರ್ 2018ರ ಮೇ 25ರಿಂದ ಜಾರಿಯಲ್ಲಿದೆ, ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇದೆ. ಗ್ರಾಹಕರ ದೂರಿನ ಸ್ಕ್ರೀನ್‌ಶಾಟ್ ಹಾಕುವಾಗ ಹೆಸರು, ಫೋನ್ ನಂಬರ್ ಮುಚ್ಚಿ.

ಅಮೆರಿಕದ ರಫ್ತು ನಿಯಮ ಇನ್ನೂ ಬಿಗಿ. ನಿಯಂತ್ರಿತ ತಾಂತ್ರಿಕ ಮಾಹಿತಿಯನ್ನು ಬೇರೆ ದೇಶದ ಪ್ರಜೆಗೆ ತೋರಿಸಿದರೂ ರಫ್ತು ಮಾಡಿದಂತೆ, ಅವರು ಅಮೆರಿಕದಲ್ಲೇ ಕೂತಿದ್ದರೂ ಸರಿ. ರಕ್ಷಣೆ, ವಿಮಾನ, ಚಿಪ್ ವಿನ್ಯಾಸದವರು ಕಡತ ಕಳಿಸುವ ಮೊದಲು ತಮ್ಮ ಕಂಪ್ಲಯನ್ಸ್ (ನಿಯಮ ಪಾಲನೆ) ವಿಭಾಗವನ್ನು ಕೇಳಲೇಬೇಕು. ಅಮೆರಿಕದ ಸಹೋದ್ಯೋಗಿ "ಕೊಡಲಾಗದು" ಎಂದರೆ ಅದು ಜಿಪುಣತನವಲ್ಲದಿರಬಹುದು.

ಈಗ ಎಐ ಚಾಟ್‌ಬಾಟ್ ಇದೆಯಲ್ಲ, ಇದೆಲ್ಲ ಇನ್ನೂ ಬೇಕೇ?

ಚಾಟ್‌ಬಾಟ್ ಓದುವುದು ನಿಮ್ಮ ಪುಟಗಳನ್ನೇ. ಒಂದೇ ವಿಧಾನದ ಮೂರು ಆವೃತ್ತಿ ಇದ್ದರೆ ಮೂರನ್ನೂ ಬೆರೆಸಿ ನಯವಾಗಿ ನಾಲ್ಕನೆಯದನ್ನು ಹೇಳುತ್ತದೆ. ಅನುಮತಿ ಸರಿಯಿಲ್ಲದ ಫೋಲ್ಡರಿನಲ್ಲಿ ಸಂಬಳದ ಪಟ್ಟಿ ಇದ್ದರೆ ಅದನ್ನೂ ಹುಡುಕಿ ಕೊಡುತ್ತದೆ. ಹಾಕುವ ಮೊದಲು ಹಳಸಲು ಪುಟ ತೆಗೆಯಿರಿ, ಅನುಮತಿಗಳನ್ನು ಪರಿಶೀಲಿಸಿ, ಉತ್ತರದ ಜೊತೆ ಮೂಲ ಪುಟದ ಕೊಂಡಿ ಮತ್ತು ಪರೀಕ್ಷಿಸಿದ ದಿನಾಂಕ ಕಡ್ಡಾಯ ಮಾಡಿ. ಅದು ಉತ್ತರಿಸಲಾಗದ ಪ್ರಶ್ನೆಗಳ ಪಟ್ಟಿಯನ್ನು ವಾರಕ್ಕೊಮ್ಮೆ ಓದಿ. ಮುಂದೆ ಯಾವ ಪುಟ ಬರೆಯಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಿಕ್ಸೂಚಿ ಇಲ್ಲ.

ಇದೆಲ್ಲ ಕೆಲಸ ಮಾಡುತ್ತಿದೆಯೇ ಎಂದು ಅಳೆಯುವುದು ಹೇಗೆ?

ಎಷ್ಟು ಪುಟ ಬರೆದರು ಎಂದು ಎಣಿಸಬೇಡಿ, ಎಣಿಸಿದ ದಿನದಿಂದ ಕಸ ಹೆಚ್ಚುತ್ತದೆ. ಮೂರು ತಿಂಗಳಿಗೊಮ್ಮೆ ನಿಜವಾಗಿ ಬಂದಿದ್ದ ಹತ್ತು ಪ್ರಶ್ನೆ ಆರಿಸಿ, ಸೇರಿ ತಿಂಗಳಾಗದ ಒಬ್ಬರಿಗೆ ಕೊಡಿ. ಯಾರನ್ನೂ ಕೇಳದೆ ಒಂದೊಂದಕ್ಕೆ ಹದಿನೈದು ನಿಮಿಷದಲ್ಲಿ ಸರಿಯುತ್ತರ ಹುಡುಕಬೇಕು. ಹತ್ತರಲ್ಲಿ ಎಷ್ಟು ಸಿಕ್ಕಿತು ಎಂಬುದೇ ನಿಮ್ಮ ಅಂಕ. ಮೊದಲ ಸಲ ಮೂರು ಬಂದರೆ ಗಾಬರಿ ಬೇಡ.

ಐಎಸ್‌ಒ ಆಡಿಟರ್ 'ಸಂಸ್ಥೆಯ ತಿಳಿವಳಿಕೆ'ಯ ಬಗ್ಗೆ ಕೇಳಿದರು. ಏನು ತೋರಿಸಬೇಕು?

ಅದು ಗುಣಮಟ್ಟ ನಿರ್ವಹಣೆಯ ಮಾನದಂಡ ಐಎಸ್‌ಒ 9001:2015ರ 7.1.6ನೇ ಅಂಶ. ಯಾವ ತಿಳಿವಳಿಕೆ ಬೇಕು, ಅದನ್ನು ಹೇಗೆ ಉಳಿಸಿಕೊಳ್ಳುತ್ತೀರಿ, ಕೊರತೆಯಾದರೆ ಎಲ್ಲಿಂದ ತರುತ್ತೀರಿ ಎಂಬುದಕ್ಕೆ ಸಾಕ್ಷ್ಯ. ಕೆಟಿ ಪಟ್ಟಿ, ಅನುಭವದಿಂದ ಕಲಿತ ಪಾಠಗಳ ದಾಖಲೆ, ಯಾರು ಯಾವ ಯಂತ್ರ ಬಲ್ಲರು ಎಂಬ ಕೌಶಲ ಕೋಷ್ಟಕ ಸಾಕು. ಹೊಸ ತಂತ್ರಾಂಶ ಕೊಳ್ಳಬೇಕೆಂದೇನೂ ಇಲ್ಲ.

ಟೀಮಿನಲ್ಲಿ ನಾವು ನಾಲ್ಕು ಜನ ಕನ್ನಡದವರು. ಕಾಫಿಗೆ ಹೋದಾಗ ಕನ್ನಡದಲ್ಲೇ ಕೆಲಸದ ಮಾತಾಡುತ್ತೇವೆ. ತಪ್ಪೇ?

ಮಾತಾಡುವುದು ತಪ್ಪಲ್ಲ. ತಾಯ್ನುಡಿಯಲ್ಲಿ ಕಗ್ಗಂಟು ಬೇಗ ಬಿಡಿಸಿಕೊಳ್ಳುತ್ತದೆ, ಜಪಾನಿನವರೂ ಜರ್ಮನ್ನರೂ ತಮ್ಮ ತಮ್ಮಲ್ಲಿ ಅದನ್ನೇ ಮಾಡುತ್ತಾರೆ. ತೀರ್ಮಾನ ಅಲ್ಲೇ ಉಳಿಯುವುದು ತಪ್ಪು. ಲೋಟ ಕೆಳಗಿಟ್ಟ ಕೂಡಲೇ ಟೀಮಿನ ಚಾಟ್ ಚಾನೆಲ್‌ನಲ್ಲಿ ಎರಡು ಸಾಲು ಇಂಗ್ಲಿಷಿನಲ್ಲಿ ಹಾಕಿ: ಏನು ತೀರ್ಮಾನಿಸಿದೆವು, ಯಾಕೆ. ಒಡಿಶಾದಿಂದ ಬಂದ ಸಹೋದ್ಯೋಗಿ ಅದೇ ಮೇಜಿನಲ್ಲಿ ಕೂತಿದ್ದರೆ ಮಾತು ಅವರಿಗೂ ತಿಳಿಯುವ ಭಾಷೆಗೆ ತಿರುಗಲಿ.